ಕಡಲಿಲ್ಲದ ಊರಿಗೆ ಬಂದ ಪಾಚಿ

ನಮ್ಮ ನಾಲತವಾಡಕ್ಕೂ ಸಮುದ್ರಕ್ಕೂ ಸಂಬಂಧವಿದೆ ಎಂದರೆ ಕೇಳಿದವರು ನಗುತ್ತಾರೆ. ವೀರೇಶ್ವರ ಶರಣರ ಊರು ಎಂದರೆ ಈ ಸೀಮೆಯವರಿಗೆ ಗುರುತು ಹತ್ತುತ್ತದೆ. ಉಳಿದವರಿಗೆ ಮುದ್ದೇಬಿಹಾಳ ತಾಲ್ಲೂಕು, ನಾರಾಯಣಪುರ ಅಣೆಕಟ್ಟಿನ ಸಮೀಪ ಎಂದು ಬಿಡಿಸಿ ಹೇಳಬೇಕು. ಜೋಳ, ತೊಗರಿ, ಕಡಲೆ ಬೆಳೆಯುವ ನೆಲ. ಕೋಟ್ಯಂತರ ವರ್ಷಗಳ ಹಿಂದೆ ಇಲ್ಲಿಯೂ ಕಡಲು ಇತ್ತಂತೆ. ತಾಳಿಕೋಟಿ ಕಡೆಯ ಸುಣ್ಣಕಲ್ಲು ಆ ಕಡಲಿನ ತಳದಲ್ಲಿ ಕೂತ ಕೆಸರಂತೆ. ಆದರೆ ಅದು ನಮ್ಮ ಮನೆಯ ಲೆಕ್ಕಕ್ಕೆ ಬರುವ ಸಂಗತಿಯಲ್ಲ. ನಮ್ಮ ಲೆಕ್ಕದಲ್ಲಿ ಪಾಚಿ ಎಂದರೆ ಬಾವಿಯ ಮೆಟ್ಟಿಲ ಮೇಲೆ ಕಾಲು ಜಾರಿಸುವ ಹಸಿರು ಲೋಳೆ. ನಾವು ಅದಕ್ಕೆ ಹಾಂವಸಿ ಅನ್ನುತ್ತೇವೆ.

ಹೀಗಿರುವಾಗ, ಬಿ.ಎಸ್ಸಿ. ಮುಗಿಸಿದ ನನ್ನ ಹಿರಿಯ ಮಗಳು ಒಂದು ದಿನ ಊಟಕ್ಕೆ ಕೂತಾಗ, ‘ಅಪ್ಪಾ, ನಾ ಕಾರವಾರಕ್ಕ ಹೋಗತೀನಿ. ಕಡಲ ಜೀವಶಾಸ್ತ್ರ ಓದತೀನಿ’ ಅಂದಳು. ಕರ್ನಾಟಕ ವಿಶ್ವವಿದ್ಯಾಲಯದ ಆ ವಿಭಾಗ ಕಾರವಾರದ ಕೋಡಿಬಾಗದಲ್ಲಿದೆ. ಅಲ್ಲಿ ಏನು ಓದುತ್ತೀ ಎಂದು ಕೇಳಿದೆ. ಕಡಲಪಾಚಿ ಎಂದಳು.

ಮೂಲೆಯಲ್ಲಿ ಕೂತು ರೊಟ್ಟಿ ಮುರಿಯುತ್ತಿದ್ದ ಅವ್ವ ತಲೆ ಎತ್ತಿದಳು. ‘ಹಾಂವಸಿ ಓದಾಕ ಕಾರವಾರಕ್ಕ ಯಾಕ ಹೋಗಬೇಕ ಯವ್ವಾ? ನಮ್ಮ ಬಾಂವ್ಯಾಗ ಬೇಕಾದಷ್ಟೈತಿ!’

ಎಲ್ಲರೂ ನಕ್ಕೆವು. ನಾನು ಮಾತ್ರ ಒಳಗೊಳಗೇ ನಗಲಿಲ್ಲ. ನಾನು ಪ್ರೌಢಶಾಲೆಯ ವಿಜ್ಞಾನ ಮಾಸ್ತರ. ಮಗಳು ಬಿ.ಎಡ್. ಮಾಡಲಿ, ನಮ್ಮ ಹಾಗೆ ಒಂದು ನೌಕರಿ ಹಿಡಿಯಲಿ ಎಂಬುದು ನನ್ನ ಆಸೆ. ನೆರೆಹೊರೆಯವರು ‘ಮಾಸ್ತರ್ರ, ಮಗಳು ಏನ್ ಓದಾಕತ್ತಾಳ್ರೀ?’ ಎಂದು ಕೇಳಿದರೆ ಪಾಚಿ ಎಂದು ಹೇಳಲು ನನಗೆ ನಾಚಿಕೆ. ‘ಎಂ.ಎಸ್ಸಿ.’ ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದೆ. ಎರಡು ವರ್ಷ ಅವಳ ಓದಿನ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ದಿನವೂ ಮಕ್ಕಳಿಗೆ ‘ಪ್ರಶ್ನೆ ಕೇಳಿರಿ, ಪ್ರಶ್ನೆ ಕೇಳಿರಿ’ ಎಂದು ಬಡಿದುಕೊಳ್ಳುವ ಮನುಷ್ಯ ನಾನು.

ಇದೆಲ್ಲ 2018ರ ಸುಮಾರಿನ ಮಾತು. ಅವ್ವನಿಗೆ ಆಗಲೇ ಹನ್ನೆರಡು ವರ್ಷದ ಸಕ್ಕರೆ ಕಾಯಿಲೆ. ಎರಡು ಹೊತ್ತು ಗುಳಿಗೆ. ಎಡಗಾಲಿನ ಕಿರುಬೆರಳಿನ ಪಕ್ಕ ಚಪ್ಪಲಿ ಕಚ್ಚಿ ಒಂದು ಸಣ್ಣ ಗಾಯವಾಗಿತ್ತು. ಸಕ್ಕರೆ ಕಾಯಿಲೆಯವರಿಗೆ ಕಾಲಿನ ನರಗಳು ಮಂದವಾಗಿ ನೋವೇ ಗೊತ್ತಾಗುವುದಿಲ್ಲವಲ್ಲ, ಅವ್ವನೂ ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅದೇ ದಿನಗಳಲ್ಲಿ ಪರಿಚಯದವರೊಬ್ಬರು ಮನೆಗೆ ಒಂದು ಡಬ್ಬಿ ತಂದರು. ಮೇಲೆ ನೀಲಿ ಸಮುದ್ರದ ಚಿತ್ರ. ಒಳಗೆ ಹಸಿರು ಮಿಶ್ರಿತ ಕಂದು ಪುಡಿ. ಜೊತೆಗೆ ನಾಲ್ಕು ಮಡಿಕೆಯ ಬಣ್ಣದ ಕಾಗದ. ಅದರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮಂಡಿನೋವು, ಕ್ಯಾನ್ಸರ್ ಎಲ್ಲದರ ಹೆಸರೂ ಇತ್ತು. ‘ಕಡಲಪಾಚಿಯ ಪಾಲಿಸ್ಯಾಕರೈಡ್‌ಗಳು ಜೈವಿಕವಾಗಿ ಕ್ರಿಯಾಶೀಲವೆಂದು ಪ್ರಯೋಗಾಲಯಗಳಲ್ಲಿ ಸಾಬೀತಾಗಿದೆ’ ಎಂಬ ಸಾಲು ದಪ್ಪಕ್ಷರದಲ್ಲಿತ್ತು. ಡಬ್ಬಿಯ ಬೆಲೆ ನಮ್ಮ ಒಂದು ತಿಂಗಳ ಕಿರಾಣಿ ಸಾಮಾನಿನ ಅರ್ಧದಷ್ಟು.

ಅವ್ವ ನನ್ನ ಮುಖ ನೋಡಿದಳು. ‘ಇದು ನಮ್ಮ ಹುಡುಗಿ ಓದೂದು ಅಲ್ಲೇನೋ ತಮ್ಮಾ?’

ಆ ದಪ್ಪಕ್ಷರದ ಸಾಲಿನಲ್ಲಿ ಸುಳ್ಳು ಏನೂ ಇರಲಿಲ್ಲ, ಅದೇ ನನ್ನನ್ನು ಕೆಡಿಸಿತು. ಪಾಲಿಸ್ಯಾಕರೈಡ್ ಎಂಬ ಮಾತು ಗೊತ್ತಿದ್ದ ಮನೆ ನಮ್ಮದು, ಹಾಗಾಗಿ ಹಳ್ಳಕ್ಕೆ ಬಿದ್ದದ್ದೂ ನಾವೇ. ಮಗಳಿಗೆ ಒಂದು ಫೋನು ಮಾಡಬಹುದಾಗಿತ್ತು. ಮಾಡಲಿಲ್ಲ. ಅವಳ ಓದನ್ನು ಕೇಳಿದಂತಾಗುತ್ತದಲ್ಲ ಎಂಬ ಬಿಗುಮಾನ. ‘ತೊಗೊಂಡು ನೋಡವ್ವಾ, ಕೆಡಕೇನಿಲ್ಲ’ ಎಂದೆ. ಅವ್ವ ನನ್ನ ಮಾತನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದಳು. ಪುಡಿ ಇದ್ದ ಮೇಲೆ ಗುಳಿಗೆ ಯಾಕೆ ಎಂದು ರಾತ್ರಿಯ ಗುಳಿಗೆ ಬಿಟ್ಟಳು, ಹತ್ತು ದಿನ ಬಿಟ್ಟು ಬೆಳಗಿನದನ್ನೂ ಬಿಟ್ಟಳು. ನನಗೆ ಗೊತ್ತಾಗಿದ್ದು ಇಪ್ಪತ್ತೈದನೆಯ ದಿನ. ಕಾಲು ಊದಿತ್ತು. ಕಿರುಬೆರಳು ಕಪ್ಪಾಗಿತ್ತು. ಕೋಣೆಯಲ್ಲಿ ವಾಸನೆ ಬರುತ್ತಿತ್ತು.

ವಿಜಯಪುರಕ್ಕೆ, ನಮ್ಮ ಬಾಯಲ್ಲಿ ಇನ್ನೂ ಬಿಜಾಪುರಕ್ಕೆ, ರಾತ್ರೋರಾತ್ರಿ ಗಾಡಿ ಮಾಡಿಕೊಂಡು ಹೋದೆವು. ಡಾಕ್ಟರು ಕಾಲು ನೋಡಿ, ‘ಗುಳಿಗೆ ಯಾಕ ಬಿಡಿಸಿದ್ರಿ?’ ಎಂದು ನನ್ನನ್ನೇ ಕೇಳಿದರು. ನಾನು ವಿಜ್ಞಾನ ಕಲಿಸುವವನು ಎಂದು ಅವರಿಗೆ ಹೇಳಲಿಲ್ಲ. ಕಿರುಬೆರಳನ್ನು ತೆಗೆಯಬೇಕಾಯಿತು. ಪಾದ ಉಳಿಯುತ್ತದೋ ಇಲ್ಲವೋ ನಾಲ್ಕು ದಿನ ನೋಡೋಣ ಎಂದರು.

ಮಗಳು ಕಾರವಾರದಿಂದ ಬಂದಳು. ಡಬ್ಬಿಯ ವಿಷಯ ಹೇಳಿದಾಗ ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ಯಲಿಲ್ಲ. ಆ ಕಾಗದ ಎರಡು ಸಲ ಓದಿದಳು. ‘ಅಪ್ಪಾ, ನನ್ನ ಒಂದು ಮಾತು ಕೇಳಬೇಕಿತ್ತು’ ಎಂದಷ್ಟೇ ಹೇಳಿ ಹೊರಗೆ ಹೋಗಿ ನಿಂತಳು.

ಮೂರನೆಯ ದಿನ ಗಾಯದ ಪಟ್ಟಿ ಬದಲಿಸಲು ಬಂದ ಡಾಕ್ಟರು ಒಂದು ಪೊಟ್ಟಣ ಬಿಚ್ಚಿದರು. ಬಿಳಿಯ, ತೆಳ್ಳಗಿನ, ಒತ್ತಿದ ಅರಳೆಯಂಥ ವಸ್ತು. ಅದನ್ನು ಗಾಯದ ಅಳತೆಗೆ ಕತ್ತರಿಸಿ ಇಟ್ಟು ಮೇಲೆ ಪಟ್ಟಿ ಕಟ್ಟಿದರು. ಮಗಳು ಪೊಟ್ಟಣದ ಮೇಲಿನ ಅಕ್ಷರ ಓದಿ, ‘ಆಯಿ, ಇದು ನಮ್ಮ ಪಾಚಿ’ ಎಂದಳು.

ಅವ್ವ ಆ ನೋವಿನಲ್ಲೂ ಕಣ್ಣು ಅರಳಿಸಿದಳು. ‘ಪಾಚಿ ತಿಂದು ಬೆರಳು ಹೋತು ಅಂತೀರಿ. ಈಗ ಅದನ್ನ ಕಾಲಿಗೆ ಕಟ್ಟತೀರಿ. ಖರೇ ಯಾವುದು?’

ಅವ್ವನ ಆ ಪ್ರಶ್ನೆಗೆ ಉತ್ತರ ತಿಳಿಯಲು ನನಗೆ ಆರು ತಿಂಗಳು ಬೇಕಾಯಿತು. ಈ ಬರಹ ಆ ಉತ್ತರವನ್ನು ಹೇಳುವುದಕ್ಕೇ. ನಮ್ಮ ಓದುಗರಲ್ಲಿ ಎಷ್ಟೋ ಮನೆಗಳಿಗೆ ಇಂಥ ಡಬ್ಬಿ ಬಂದಿರಬಹುದು.

ಆಸ್ಪತ್ರೆಯ ರಾತ್ರಿಗಳು ಉದ್ದ. ವರಾಂಡದ ಬೆಂಚಿನ ಮೇಲೆ ಕೂತು ಮಗಳು ನನಗೆ ಪಾಠ ಹೇಳಿದಳು. ಎರಡು ವರ್ಷ ನಾನು ಕೇಳದೇ ಬಿಟ್ಟ ಪ್ರಶ್ನೆಗಳನ್ನೆಲ್ಲ ಆಗ ಕೇಳಿದೆ.

ಪಾಲಿಸ್ಯಾಕರೈಡ್ ಎಂದರೆ ಸಕ್ಕರೆಯ ಮಣಿಗಳನ್ನು ಪೋಣಿಸಿದ ಉದ್ದನೆಯ ಸರ. ಇದು ನನಗೂ ಗೊತ್ತಿತ್ತು. ಜೋಳದ ಹಿಟ್ಟಿನ ಪಿಷ್ಟ ಗ್ಲೂಕೋಸ್ ಮಣಿಗಳ ಸರ. ಅದೇ ಜೋಳದ ಕಣಕಿಯಲ್ಲಿರುವ ಸೆಲ್ಯುಲೋಸ್ ಕೂಡ ಗ್ಲೂಕೋಸ್ ಮಣಿಗಳದೇ ಸರ. ಮಣಿ ಒಂದೇ, ಪೋಣಿಸಿದ ರೀತಿ ಬೇರೆ. ಅಷ್ಟಕ್ಕೇ ರೊಟ್ಟಿ ನಮಗೆ ದಕ್ಕುತ್ತದೆ, ಕಣಕಿ ಎತ್ತಿಗೆ ದಕ್ಕುತ್ತದೆ. ಎತ್ತಿಗೂ ಅದು ದಕ್ಕುವುದು ಅದರ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳ ಪುಣ್ಯದಿಂದ.

ಕಡಲಪಾಚಿಯ ಸರಗಳಲ್ಲಿ ಮಣಿಗಳೇ ಬೇರೆ. ಕೆಂಪು ಪಾಚಿಯಿಂದ ಬರುವ ಅಗಾರ್ ಮತ್ತು ಕ್ಯಾರಗೀನನ್‌ಗಳಲ್ಲಿ ಗ್ಯಾಲಕ್ಟೋಸ್ ಜಾತಿಯ ಮಣಿಗಳು. ಕಂದು ಪಾಚಿಯಿಂದ ಬರುವ ಆಲ್ಜಿನೇಟ್‌ನಲ್ಲಿ ಮ್ಯಾನ್ಯುರೋನಿಕ್ ಮತ್ತು ಗುಲ್ಯುರೋನಿಕ್ ಎಂಬ ಎರಡು ಆಮ್ಲರೂಪದ ಮಣಿಗಳು. ಕಂದು ಪಾಚಿಯಲ್ಲೇ ಫ್ಯುಕಾಯ್ಡನ್ ಎಂಬ ಇನ್ನೊಂದು ಸರವಿದೆ. ಅದನ್ನು 1913ರಲ್ಲಿ ಸ್ವೀಡನ್ನಿನ ಹರಾಲ್ಡ್ ಕೈಲಿನ್ ಬೇರ್ಪಡಿಸಿದರು. ಕ್ಯಾರಗೀನನ್ ಮತ್ತು ಫ್ಯುಕಾಯ್ಡನ್‌ಗಳ ವಿಶೇಷವೆಂದರೆ ಮಣಿಗಳಿಗೆ ಅಲ್ಲಲ್ಲಿ ಸಲ್ಫೇಟ್ ಗುಂಪುಗಳು ಜೋತುಬಿದ್ದಿರುತ್ತವೆ. ಸಲ್ಫೇಟಿಗೆ ಋಣ ವಿದ್ಯುದಂಶ. ಇಡೀ ಸರವೇ ಋಣ ಅಂಶ ಹೊತ್ತ ಹಗ್ಗದಂತಾಗುತ್ತದೆ.

‘ಇಷ್ಟೆಲ್ಲ ಪಾಚಿಗೆ ಯಾಕ ಬೇಕು?’ ಎಂದೆ.

‘ಅಪ್ಪಾ, ಬಂಡಿ ಮ್ಯಾಲ ಕುಂತ ಪಾಚಿಗೆ ದಿನಕ್ಕ ಸಾವಿರ ತೆರಿ ಬಡೀತಾವ. ಗಿಡದಂಗ ಬಿರುಸಾಗಿ ನಿಂತರ ಮುರೀತೈತಿ. ನೀರು ಇಳಿದಾಗ ಬಿಸಲಾಗ ಒಣಗತೈತಿ. ಅದಕ್ಕ ಬಾಗೂದೂ ಬೇಕು, ನೀರು ಹಿಡಕೊಳ್ಳೂದೂ ಬೇಕು.’

ಆಮೇಲೆ ಅವ್ವನಿಗೆ ಅದನ್ನೇ ಅವಳ ಭಾಷೆಯಲ್ಲಿ ಹೇಳಿದಳು. ಅಂಟಿನುಂಡಿ ಕಟ್ಟದ ಬಾಣಂತಿ ಮನೆ ನಮ್ಮ ಕಡೆ ಇಲ್ಲ. ಅಮೀನಗಡದ ಕರದಂಟು ತಿನ್ನದವರೂ ಇಲ್ಲ. ಆ ಅಂಟು ಎಲ್ಲಿಂದ ಬರುತ್ತದೆ? ಜಾಲಿ ಜಾತಿಯ ಮರದ ತೊಗಟೆಗೆ ಪೆಟ್ಟು ಬಿದ್ದ ಕಡೆ ಒಸರುತ್ತದೆ. ಅದೂ ಒಂದು ಪಾಲಿಸ್ಯಾಕರೈಡೇ. ಅದರಲ್ಲೂ ಗ್ಯಾಲಕ್ಟೋಸ್ ಮಣಿಗಳಿವೆ. ಅವ್ವ ಕೂಡಲೇ ಹಿಡಿದಳು. ‘ಹಂಗಾರ ಅಂಟು ಅಂದ್ರ ಗಿಡ ತನ್ನ ಗಾಯಕ್ಕ ತಾನ ಹಚಗೊಂಡ ಮುಲಾಮು ಅನ್ನು.’ ಮೂವತ್ತು ವರ್ಷ ಪಾಠ ಹೇಳಿದ ನನಗೆ ಈ ಸಾಲು ಹೊಳೆದಿರಲಿಲ್ಲ.

ಆ ಬಿಳಿ ಪಟ್ಟಿಯ ಗುಟ್ಟು ಹೀಗಿದೆ. ಆಲ್ಜಿನೇಟನ್ನು ಕಂದು ಪಾಚಿಯಿಂದ ಮೊದಲು ಬೇರ್ಪಡಿಸಿದವರು ಬ್ರಿಟನ್ನಿನ ರಸಾಯನಶಾಸ್ತ್ರಜ್ಞ ಇ.ಸಿ.ಸಿ. ಸ್ಟ್ಯಾನ್‌ಫರ್ಡ್, 1881ರಲ್ಲಿ. ಸೋಡಿಯಂ ಜೊತೆಗಿದ್ದಾಗ ಅದು ನೀರಿನಲ್ಲಿ ಕರಗಿ ಗಂಜಿಯಂತಾಗುತ್ತದೆ. ಕ್ಯಾಲ್ಸಿಯಂ ಸೇರಿದರೆ ಗಟ್ಟಿಯಾಗುತ್ತದೆ. ಸೋಡಿಯಂಗೆ ಒಂದೇ ಕೈ, ಕ್ಯಾಲ್ಸಿಯಂಗೆ ಎರಡು ಕೈ ಎಂದುಕೊಳ್ಳಿ. ಎರಡು ಕೈಗಳಿಂದ ಅದು ಪಕ್ಕಪಕ್ಕದ ಎರಡು ಸರಗಳನ್ನು ಹಿಡಿದು ಕಟ್ಟುತ್ತದೆ. ಮೊಟ್ಟೆ ಇಡುವ ರಟ್ಟಿನ ತಟ್ಟೆಯ ಗುಳಿಗಳಲ್ಲಿ ಮೊಟ್ಟೆ ಕೂತ ಹಾಗೆ ಸರಗಳ ತಿರುವುಗಳಲ್ಲಿ ಕ್ಯಾಲ್ಸಿಯಂ ಕೂರುತ್ತದೆ ಎಂದು 1973ರಲ್ಲಿ ವಿಜ್ಞಾನಿಗಳು ವಿವರಿಸಿದರು. ಇಂದಿಗೂ ಇದಕ್ಕೆ ಮೊಟ್ಟೆಪೆಟ್ಟಿಗೆ ಮಾದರಿ ಎಂದೇ ಹೆಸರು.

ಅವ್ವನ ಕಾಲಿನ ಮೇಲಿದ್ದದ್ದು ಕ್ಯಾಲ್ಸಿಯಂ ಆಲ್ಜಿನೇಟಿನ ನಾರು. ಗಾಯದಿಂದ ಒಸರುವ ದ್ರವದಲ್ಲಿ ಸೋಡಿಯಂ ಇರುತ್ತದೆ. ಆ ಸೋಡಿಯಂ ಪಟ್ಟಿಯೊಳಗೆ ಹೋಗುತ್ತದೆ, ಕ್ಯಾಲ್ಸಿಯಂ ಹೊರಗೆ ಬರುತ್ತದೆ. ನಾರು ಮೆತ್ತಗಿನ ಲೋಳೆಯಾಗಿ ಒಸರನ್ನೆಲ್ಲ ಹೀರಿಕೊಳ್ಳುತ್ತದೆ, ಗಾಯವನ್ನು ಹಸಿಯಾಗಿಡುತ್ತದೆ, ಬದಲಿಸುವಾಗ ಹೊಸ ಚರ್ಮವನ್ನು ಕಿತ್ತುಕೊಂಡು ಬರುವುದಿಲ್ಲ. ಮೊದಲ ದಿನ ಒಣ ಪಟ್ಟಿ ಕಿತ್ತಾಗ ಚೀರಿದ ಅವ್ವ ಈ ಪಟ್ಟಿ ತೆಗೆಯುವಾಗ ಸುಮ್ಮನಿದ್ದಳು. ಒಸರದ ಒಣ ಗಾಯಕ್ಕೆ ಇದು ತಕ್ಕದ್ದಲ್ಲ ಎಂದು ಡಾಕ್ಟರೇ ಹೇಳಿದರು.

‘ಅಂದ್ರ ಇದು ಗಾಯ ವಾಸಿ ಮಾಡತೈತಿ’ ಎಂದೆ ಮಗಳಿಗೆ. ನನ್ನ ದನಿಯಲ್ಲಿ ಮತ್ತೆ ಆ ಡಬ್ಬಿ ಕಾಗದದ ಉತ್ಸಾಹ ಬಂದಿರಬೇಕು.

‘ತಡೀರಿ ಅಪ್ಪಾ’ ಎಂದಳು. ಸಕ್ಕರೆ ಕಾಯಿಲೆಯ ಕಾಲುಹುಣ್ಣಿನ ಮೇಲೆ ಆಲ್ಜಿನೇಟ್ ಪಟ್ಟಿಗಳನ್ನು ಬೇರೆ ಪಟ್ಟಿಗಳ ಜೊತೆ ಹೋಲಿಸಿದ ಪ್ರಯೋಗಗಳನ್ನೆಲ್ಲ ಕೂಡಿಸಿ ನೋಡಿದ ವರದಿಯೊಂದು 2013ರಲ್ಲಿ ಬಂದಿತ್ತಂತೆ. ಬೇರೆ ಪಟ್ಟಿಗಿಂತ ಇದರಿಂದ ಹೆಚ್ಚು ಗಾಯಗಳು ಮಾಯುತ್ತವೆ ಎನ್ನಲು ಆಧಾರ ಸಿಗಲಿಲ್ಲವೆಂದು ಅದು ಹೇಳಿತ್ತಂತೆ. ಒಸರು ಹಿಡಿಯುವುದು, ಸುಲಭವಾಗಿ ಬಿಡಿಸಿಕೊಳ್ಳುವುದು ಅದರ ಕೆಲಸ. ಆಯಿಯ ಕಾಲು ಉಳಿಸುತ್ತಿರುವುದು ಸತ್ತ ಭಾಗ ತೆಗೆದದ್ದು, ಸೋಂಕಿಗೆ ಕೊಟ್ಟ ಔಷಧ, ಹಿಡಿತಕ್ಕೆ ಬಂದ ಸಕ್ಕರೆ. ತಾನು ಪ್ರೀತಿಯಿಂದ ಓದುವ ವಸ್ತುವಿನ ಬಗ್ಗೆ ಇಷ್ಟು ಕಟ್ಟುನಿಟ್ಟಾಗಿ ಮಾತಾಡುವ ಹುಡುಗಿಯನ್ನು ನಾನು ಆ ರಾತ್ರಿ ಮೊದಲ ಸಲ ನೋಡಿದೆ.

ಯಾವ ಔಷಧ ಕೊಡಬೇಕೆಂದು ಗೊತ್ತಾದದ್ದಾದರೂ ಹೇಗೆ? ಗಾಯದ ಕೀವನ್ನು ಪ್ರಯೋಗಾಲಯಕ್ಕೆ ಕಳಿಸಿದ್ದರು. ಅಲ್ಲಿ ಅದನ್ನು ಒಂದು ತಟ್ಟೆಯ ಮೇಲೆ ಬೆಳೆಸಿ, ಯಾವ ರೋಗಾಣು, ಅದಕ್ಕೆ ಯಾವ ಔಷಧ ನಾಟುತ್ತದೆ ಎಂದು ನೋಡಿ ಹೇಳಿದರು. ಆ ತಟ್ಟೆಯಲ್ಲಿರುವುದು ಅಗಾರ್, ಕೆಂಪು ಪಾಚಿಯ ಪಾಲಿಸ್ಯಾಕರೈಡ್. ನಮ್ಮ ಕಿರಾಣಿ ಅಂಗಡಿಯಲ್ಲಿ ಚೈನಾ ಗ್ರಾಸ್ ಎಂದು ಪೊಟ್ಟಣದಲ್ಲಿ ಸಿಗುತ್ತದಲ್ಲ, ಅದೇ.

ಅದು ಪ್ರಯೋಗಾಲಯಕ್ಕೆ ಬಂದದ್ದು ಅಡುಗೆಮನೆಯಿಂದ. 1881ರಲ್ಲಿ ಜರ್ಮನಿಯಲ್ಲಿ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ವಾಲ್ಟರ್ ಹೆಸ್ಸೆ ಎಂಬ ವೈದ್ಯರು ಕೆಲಸ ಮಾಡುತ್ತಿದ್ದರು. ರೋಗಾಣು ಬೆಳೆಸಲು ಆಗ ಬಳಸುತ್ತಿದ್ದುದು ಜೆಲಟಿನ್. ಬೇಸಿಗೆಯ ಶಾಖಕ್ಕೆ ಅದು ಕರಗಿ ನೀರಾಗುತ್ತಿತ್ತು; ಕೆಲವು ರೋಗಾಣುಗಳು ಅದನ್ನೇ ತಿಂದು ಹಾಕುತ್ತಿದ್ದವು. ಅವರ ಹೆಂಡತಿ ಫ್ಯಾನಿ ಹೆಸ್ಸೆ ತಾವು ಜೆಲ್ಲಿ, ಪುಡ್ಡಿಂಗ್ ಮಾಡಲು ಅಗಾರ್ ಬಳಸುತ್ತಿದ್ದರು. ಜಾವಾದಲ್ಲಿದ್ದು ಬಂದ ನೆರೆಯವರಿಂದ ಕಲಿತದ್ದು. ಇದನ್ನು ಹಾಕಿ ನೋಡಿರಿ ಎಂದರು. ಅಗಾರ್ ಗಟ್ಟಿಯಾಗುವುದು 40 ಡಿಗ್ರಿಯ ಕೆಳಗೆ, ಆದರೆ ಒಮ್ಮೆ ಗಟ್ಟಿಯಾದರೆ ಸುಮಾರು 85 ಡಿಗ್ರಿಯವರೆಗೆ ಕರಗುವುದಿಲ್ಲ. ಹೆಚ್ಚಿನ ರೋಗಾಣುಗಳಿಗೆ ಅದನ್ನು ತಿನ್ನಲು ಬಾರದು. 1882ರಲ್ಲಿ ಕಾಖ್ ಕ್ಷಯದ ರೋಗಾಣುವಿನ ಬಗ್ಗೆ ಬರೆದಾಗ ಅಗಾರ್‌ನ ಉಲ್ಲೇಖವಿತ್ತು. ಫ್ಯಾನಿ ಹೆಸ್ಸೆಯವರ ಹೆಸರು ಮಾತ್ರ ಇರಲಿಲ್ಲ. ಜಗತ್ತಿನ ಆಸ್ಪತ್ರೆಗಳಲ್ಲಿ ಇಂದಿಗೂ ಆ ತಟ್ಟೆಗಳೇ ನಡೆಯುತ್ತಿವೆ.

ಹಾಗಾದರೆ ಡಬ್ಬಿಯ ಮೇಲಿನ ಆ ದಪ್ಪಕ್ಷರದ ಸಾಲು? ಅದರಲ್ಲಿ ಸುಳ್ಳಿಲ್ಲ ಎಂದೆನಲ್ಲ. ಮಗಳೂ ಅದನ್ನೇ ಹೇಳಿದಳು. ಸಲ್ಫೇಟ್ ಹೊತ್ತ ಪಾಚಿಯ ಸರಗಳು ಗಾಜಿನ ನಳಿಗೆಯಲ್ಲಿ ನಿಜಕ್ಕೂ ಎಷ್ಟೋ ಕೆಲಸ ಮಾಡುತ್ತವೆ. ರಕ್ತ ಹೆಪ್ಪುಗಟ್ಟದಂತೆ ಆಸ್ಪತ್ರೆಯಲ್ಲಿ ಕೊಡುವ ಹೆಪಾರಿನ್ ಕೂಡ ಸಲ್ಫೇಟ್ ಹೊತ್ತ ಸರವೇ, ಆದರೆ ಅದು ಪ್ರಾಣಿಮೂಲದ್ದು. ಅದೇ ಧರ್ಮ ಫ್ಯುಕಾಯ್ಡನ್‌ಗೂ ಸ್ವಲ್ಪ ಇದೆ. ವೈರಸ್‌ಗಳು ನಮ್ಮ ಜೀವಕೋಶಕ್ಕೆ ಅಂಟಿಕೊಳ್ಳುವಾಗ ಅಲ್ಲಿನ ಋಣ ಅಂಶದ ಸರಗಳನ್ನು ಹುಡುಕುತ್ತವೆ. ಪಾಚಿಯ ಸರ ಅಡ್ಡ ಬಂದರೆ ಮೋಸಹೋಗಿ ಅದಕ್ಕೇ ಅಂಟುತ್ತವೆ. ಕೆಂಪು ಪಾಚಿಯ ಸರಗಳು ಕೆಲವು ವೈರಸ್‌ಗಳನ್ನು ಕೋಳಿಮೊಟ್ಟೆಯ ಭ್ರೂಣದಲ್ಲಿ ತಡೆದದ್ದು 1958ರಷ್ಟು ಹಿಂದೆಯೇ ವರದಿಯಾಗಿದೆ.

‘ಮತ್ತ ಕೆಲಸ ಮಾಡತೈತಿ ಅಂದಂಗಾತು.’

‘ಗಾಜಿನ ನಳಿಗಿಯೊಳಗ, ಅಪ್ಪಾ. ಮನಷ್ಯಾನೊಳಗ?’

ಅವಳು ಹೇಳಿದ ಒಂದು ಪ್ರಸಂಗ ನನ್ನ ಮನಸ್ಸಿನಲ್ಲಿ ನಿಂತಿದೆ. ಕ್ಯಾರಗೀನನ್ ಎಚ್‌ಐವಿ ವೈರಸ್ಸನ್ನು ಪ್ರಯೋಗಾಲಯದಲ್ಲಿ ತಡೆಯುತ್ತದೆಂದು ಕಂಡುಬಂದಿತ್ತು. ಅದರಿಂದ ಹೆಂಗಸರು ಬಳಸಬಹುದಾದ ಒಂದು ಲೇಪ ತಯಾರಾಯಿತು. ದೊಡ್ಡ ಆಸೆ ಹುಟ್ಟಿತ್ತು. ದಕ್ಷಿಣ ಆಫ್ರಿಕದಲ್ಲಿ 6,000ಕ್ಕೂ ಹೆಚ್ಚು ಹೆಂಗಸರು ಪರೀಕ್ಷೆಗೆ ಒಪ್ಪಿದರು. ಅರ್ಧ ಜನಕ್ಕೆ ಪಾಚಿಯ ಲೇಪ, ಅರ್ಧ ಜನಕ್ಕೆ ಅದರಂತೆಯೇ ಕಾಣುವ, ಆ ಗುಣವಿಲ್ಲದ ಲೇಪ. ಯಾರಿಗೆ ಯಾವುದು ಎಂದು ಕೊಟ್ಟವರಿಗೂ ಗೊತ್ತಿಲ್ಲ, ತೆಗೆದುಕೊಂಡವರಿಗೂ ಗೊತ್ತಿಲ್ಲ. 2008ರಲ್ಲಿ ಫಲಿತಾಂಶ ಪ್ರಕಟವಾಯಿತು. ಲೇಪದಿಂದ ಅಪಾಯವೇನೂ ಆಗಲಿಲ್ಲ. ಸೋಂಕನ್ನೂ ಅದು ತಡೆಯಲಿಲ್ಲ. ನಡೆಸಿದವರು ಅದನ್ನು ಮುಚ್ಚಿಡದೆ ಜಗತ್ತಿಗೆ ಹೇಳಿದರು.

‘ಅವರು ಸೋತರು’ ಎಂದೆ.

‘ಇಲ್ಲಪ್ಪಾ. ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿತು. ನಾವು ಆಯಿಗೆ ಆ ಪುಡಿ ಕೊಟ್ಟಾಗ ಪ್ರಶ್ನೆನ ಕೇಳಲಿಲ್ಲ.’

ಬಾಯಿಂದ ಹೊಟ್ಟೆಗೆ ಹೋದ ಪುಡಿಯ ಹಾದಿ ಇನ್ನೂ ದೂರದ್ದು. ಪಾಚಿಯ ಸರಗಳನ್ನು ಕತ್ತರಿಸುವ ಕಿಣ್ವ ನಮ್ಮ ದೇಹದಲ್ಲಿಲ್ಲ. ಹೆಚ್ಚಿನದು ನಾರಿನಂತೆ ಕರುಳಿನಲ್ಲಿ ಸಾಗಿಹೋಗುತ್ತದೆ. 2010ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಒಂದು ಸೋಜಿಗ ಕಂಡರು: ತಲೆಮಾರುಗಳಿಂದ ಕಡಲಪಾಚಿ ತಿನ್ನುತ್ತ ಬಂದ ಜಪಾನೀಯರ ಕರುಳಿನ ಸೂಕ್ಷ್ಮಜೀವಿಗಳಲ್ಲಿ ಒಂದು ಬಗೆಯ ಕೆಂಪು ಪಾಚಿಯ ಸರ ಕತ್ತರಿಸುವ ಗುಣ ಸೇರಿಕೊಂಡಿದೆ. ಕಡಲಿನ ಸೂಕ್ಷ್ಮಜೀವಿಗಳಿಂದ ಅದನ್ನು ಅವು ಪಡೆದುಕೊಂಡಿವೆ. ಹೋಲಿಸಿ ನೋಡಿದ ಉತ್ತರ ಅಮೆರಿಕದವರಲ್ಲಿ ಅದು ಸಿಗಲಿಲ್ಲ. ಜೋಳದ ರೊಟ್ಟಿಯ ಹೊಟ್ಟೆಗೆ ಪಾಚಿ ಏನು ಮಾಡುತ್ತದೆಂದು ಜಪಾನಿನ ಲೆಕ್ಕದಿಂದ ಹೇಳಲಾಗದು ಎಂದಾಯಿತು.

ನಾರು ಹೊಟ್ಟೆಗೆ ಒಳ್ಳೆಯದೇ. ಲೋಳೆಯಾಗುವ ನಾರು ಊಟದ ಸಕ್ಕರೆ ರಕ್ತಕ್ಕೆ ಸೇರುವ ವೇಗವನ್ನು ಸ್ವಲ್ಪ ತಗ್ಗಿಸುವುದೂ ಉಂಟು. ಇಸಬಗೋಲಿನಲ್ಲೂ, ಮೆಂತ್ಯದಲ್ಲೂ ಇರುವುದು ಅಂಥ ನಾರೇ. ಆದರೆ ಅದು ಗುಳಿಗೆಯ ಜಾಗದಲ್ಲಿ ಕೂರುವಂಥದ್ದಲ್ಲ. ಜೊತೆಗೆ ಕೆಲವು ಕಂದು ಪಾಚಿಗಳಲ್ಲಿ ಅಯೋಡಿನ್ ವಿಪರೀತ. 1811ರಲ್ಲಿ ಅಯೋಡಿನ್ ಮೊದಲು ಸಿಕ್ಕಿದ್ದೇ ಪಾಚಿಯ ಬೂದಿಯಲ್ಲಿ. ಕಡಿಮೆಯಾದರೆ ಗಳಗಂಡ, ಅತಿಯಾದರೂ ಥೈರಾಯ್ಡ್ ಗ್ರಂಥಿಗೆ ತೊಂದರೆ. ನಮ್ಮ ಡಬ್ಬಿಯ ಮೇಲೆ ಯಾವ ಪಾಚಿ, ಎಷ್ಟು ಅಯೋಡಿನ್ ಎಂದು ಒಂದಕ್ಷರವೂ ಇರಲಿಲ್ಲ.

ಅವ್ವನ ಪಾದ ಉಳಿಯಿತು. ಎರಡೂವರೆ ತಿಂಗಳಿಗೆ ಗಾಯ ಮಾಯಿತು. ಕೋಲು ಹಿಡಿದು ಅಂಗಳದವರೆಗೆ ಬಂದಳು.

ಮುಂದಿನ ಜನವರಿಯಲ್ಲಿ ನಾನು ಕಾರವಾರಕ್ಕೆ ಹೋದೆ. ಮುದ್ದೇಬಿಹಾಳ, ಬಾಗಲಕೋಟೆ, ಹುಬ್ಬಳ್ಳಿ, ಯಲ್ಲಾಪುರ, ಅರಬೈಲ್ ಘಟ್ಟ, ಅಂಕೋಲಾ. ಮಗಳನ್ನು ಸೇರಿಸಲು ಹೋಗಿದ್ದು ಬಿಟ್ಟರೆ ಎರಡು ವರ್ಷದಲ್ಲಿ ಅದೇ ಮೊದಲ ಸಲ. ಇಳಿತದ ಹೊತ್ತಿಗೆ ಅವಳು ನನ್ನನ್ನು ಬಿಣಗಾ ಬಳಿಯ ಬಂಡೆಗಳಿಗೆ ಕರೆದುಕೊಂಡು ಹೋದಳು. ನೀರು ಸರಿದ ಬಂಡೆಯ ಮೇಲೆ ಹಸಿರು ಹಾಳೆಯಂಥ ಉಲ್ವಾ, ಬೀಸಣಿಗೆಯಂಥ ಪಡೈನಾ, ಸಣ್ಣ ಗಾಳಿಗುಳ್ಳೆ ಹೊತ್ತ ಕಂದು ಸಾರ್ಗಸಂ, ಕೆಂಪು ದಾರದಂಥ ಗ್ರಾಸಿಲೇರಿಯ. ಬಿಸಿಲು ಏರಿತ್ತು. ಬಂಡೆ ಸುಡುತ್ತಿತ್ತು. ಸಾರ್ಗಸಂ ಮುಟ್ಟಿದರೆ ತಣ್ಣಗೆ, ಒದ್ದೆಯಾಗಿ, ಲೋಳೆಯಾಗಿತ್ತು. ವರಾಂಡದಲ್ಲಿ ಅವಳು ಹೇಳಿದ್ದು ಬೆರಳಿಗೆ ತಿಳಿಯಿತು.

ಅವಳು ಒಂದು ಸಣ್ಣ ಪೊಟ್ಟಣದಲ್ಲಿ ಸೋಡಿಯಂ ಆಲ್ಜಿನೇಟ್ ಕೊಟ್ಟು ಕಳಿಸಿದಳು. ಊರಿಗೆ ಬಂದು ನಮ್ಮ ಒಂಬತ್ತನೆಯ ತರಗತಿಯಲ್ಲಿ ಪ್ರಯೋಗ ಮಾಡಿದೆ. ಶಿಕ್ಷಕ ಮಿತ್ರರು ಬೇಕಾದರೆ ಮಾಡಿ ನೋಡಬಹುದು. 100 ಮಿಲಿ ನೀರಿಗೆ 1 ಗ್ರಾಂ ಆಲ್ಜಿನೇಟ್ ಹಾಕಿ ಚೆನ್ನಾಗಿ ಕಲಕಿ ರಾತ್ರಿಯಿಡೀ ಬಿಡಬೇಕು, ತೆಳು ಗಂಜಿಯಾಗುತ್ತದೆ. ಇನ್ನೊಂದು ಬಟ್ಟಲಲ್ಲಿ ಅಷ್ಟೇ ನೀರಿಗೆ ಒಂದೆರಡು ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್. ಗಂಜಿಯನ್ನು ಡ್ರಾಪರಿನಿಂದ ಹನಿಹನಿಯಾಗಿ ಅದರೊಳಗೆ ಬಿಡಬೇಕು. ಬಿದ್ದ ಹನಿ ಬಿದ್ದಲ್ಲೇ ದುಂಡಗೆ ನಿಲ್ಲುತ್ತದೆ. ‘ಸರ್ರ, ಮುತ್ತು!’ ಎಂದು ಹಿಂದಿನ ಬೆಂಚಿನ ಹುಡುಗ ಕೂಗಿದ. ಆ ಮುತ್ತುಗಳನ್ನು ತೆಗೆದು ಉಪ್ಪುನೀರಿನಲ್ಲಿ ಹಾಕಿಟ್ಟೆವು. ಮರುದಿನ ನೋಡಿದರೆ ಉಬ್ಬಿ ಮೆತ್ತಗಾಗಿದ್ದವು. ಸೋಡಿಯಂ ಒಳಗೆ, ಕ್ಯಾಲ್ಸಿಯಂ ಹೊರಗೆ. ಅವ್ವನ ಕಾಲಿನ ಪಟ್ಟಿಯಲ್ಲಿ ನಡೆದದ್ದು ಇದೇ ಎಂದು ಹೇಳಿದೆ. ಅವ್ವನ ಬೆರಳು ಯಾಕೆ ಹೋಯಿತು ಎಂಬುದನ್ನೂ ಹೇಳಿದೆ, ನನ್ನ ಪಾಲಿನ ತಪ್ಪನ್ನು ಬಿಡದೆ. ತರಗತಿ ಅಷ್ಟು ಸುಮ್ಮನೆ ಕೂತದ್ದನ್ನು ನಾನು ನೋಡಿರಲಿಲ್ಲ.

ಅವ್ವನ ‘ಖರೇ ಯಾವುದು’ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ಇಷ್ಟು. ಎರಡೂ ಖರೇ. ಆದರೆ ಪಾಚಿ ಎಂಬ ಒಂದೇ ಹೆಸರಿನಲ್ಲಿ ಎರಡನ್ನೂ ತೂಗಬಾರದು. ಯಾವ ವಸ್ತು, ಎಷ್ಟು, ಯಾವ ಕೆಲಸಕ್ಕೆ, ಯಾರ ಮೇಲೆ ಪರೀಕ್ಷಿಸಿ ನೋಡಿದ್ದು — ಈ ನಾಲ್ಕನ್ನು ಕೇಳಬೇಕು. ಆಲ್ಜಿನೇಟ್ ಪಟ್ಟಿ ನಾಲ್ಕಕ್ಕೂ ಉತ್ತರ ಕೊಟ್ಟಿತು, ತನ್ನ ಮಿತಿಯನ್ನೂ ಹೇಳಿತು. ಡಬ್ಬಿ ಒಂದಕ್ಕೂ ಕೊಡಲಿಲ್ಲ. ಮಕ್ಕಳು ಏನು ಓದಬೇಕೆಂದು ಹಟ ಹಿಡಿಯುವ ನನ್ನಂಥ ತಂದೆತಾಯಿಗಳಿಗೆ ಇನ್ನೊಂದು ಮಾತು: ಅವರು ಓದುತ್ತಿರುವುದು ಏನೆಂದು ಒಮ್ಮೆ ಕೂತು ಕೇಳಿರಿ. ನಾನು ಕೇಳಿದ್ದರೆ ಒಂದು ಬೆರಳು ಉಳಿಯುತ್ತಿತ್ತು.

ಮಗಳು ಪಾಚಿಯ ಮೇಲೆ ಸಂಶೋಧನೆ ಮುಂದುವರಿಸಿದ್ದಾಳೆ. ಯಾರಾದರೂ ಕೇಳಿದರೆ ನಾನೀಗ ಮಾತು ಬದಲಿಸುವುದಿಲ್ಲ.

ಕಳೆದ ವರ್ಷ ಅದೇ ಪರಿಚಯದವರು ಮತ್ತೊಂದು ಡಬ್ಬಿ ಹಿಡಿದು ಬಂದಿದ್ದರು. ಈ ಸಲ ಯಾವುದೋ ಹಣ್ಣಿನ ರಸ. ಅವ್ವ ಚಹಾ ಕೊಡಿಸಿ, ಎಲ್ಲ ಕೇಳಿಸಿಕೊಂಡು, ‘ಯಾರ್‍ಯಾರಿಗೆ ಕೊಟ್ಟು ನೋಡೀರಿ?’ ಎಂದಳು.

‘ನೂರಾರು ಮಂದಿ ತೊಗೊಂಡಾರಬೇ ಆಯಿ.’

‘ತೊಗೊಂಡವರದಾತು. ತೊಗೊಳ್ಳದವರ ಜೋಡಿ ಹಚ್ಚಿ ನೋಡೀರೇನು?’

ಅವರು ನನ್ನ ಮುಖ ನೋಡಿದರು. ನಾನು ಅವ್ವನ ಮುಖ ನೋಡಿದೆ. ಅವಳು ಗುಳಿಗೆಯ ಹೊತ್ತಾಯಿತೆಂದು ನೀರಿನ ಚರಿಗೆ ಕೇಳಿದಳು.